ಇಲ್ಲದ ಯಂತ್ರದ ಲೆಕ್ಕ

ಯಾರೂ ಮಾರದ, ಯಾವ ಕಚೇರಿಯಲ್ಲೂ ಇಲ್ಲದ ಕಂಪ್ಯೂಟರಿನ ಭಾಷೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ನ್ಯಾಯವೇ? ಡೊನಾಲ್ಡ್ ಕನೂತ್ ಮಾಡಿದ್ದು ಅದನ್ನೇ. 1968ರಲ್ಲಿ ಬಂದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಮೊದಲ ಸಂಪುಟದಲ್ಲಿ ‘ಮಿಕ್ಸ್’ ಎಂಬ ಕಾಲ್ಪನಿಕ ಯಂತ್ರವನ್ನು ಕಾಗದದ ಮೇಲೆ ಕಟ್ಟಿ, ಅದರ ಅಸೆಂಬ್ಲಿ ಭಾಷೆಯಲ್ಲೇ ಅಲ್ಗಾರಿದಮ್‌ಗಳನ್ನು ಬರೆದರು.

ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಯಚೂರಿನ ಕುಟುಂಬವೊಂದಿದೆ. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗಳು ಆ ಪುಸ್ತಕ ತಿರುವಿ ಕೇಳಿದಳು: “ಇದನ್ನ ಕಲ್ತ್ರ ಯಾರು ಕೆಲ್ಸ ಕೊಡ್ತಾರ್ರೀ ಅಂಕಲ್?” ಸಾಲ ಮಾಡಿ ಓದಿಸುವ ಮನೆಯ ಪ್ರಶ್ನೆ, ನಕ್ಕು ತಳ್ಳುವಂಥದ್ದಲ್ಲ.

ನಿಜವಾದ ಯಂತ್ರ ಕಲಿತರೂ ಅದು ಉಳಿಯುವುದಿಲ್ಲ. ಉಪ್ಪಲ್‌ಗೆ ಹತ್ತಿರದಲ್ಲೇ ಇರುವ, 1967ರಲ್ಲಿ ಶುರುವಾದ ಇಸಿಐಎಲ್ ತಯಾರಿಸಿದ ಟಿಡಿಸಿ ಕಂಪ್ಯೂಟರುಗಳ ಕಾಲ ಮುಗಿದುಹೋಗಿದೆ. ಕಾಲ್ಪನಿಕ ಯಂತ್ರಕ್ಕೂ ವಯಸ್ಸಾಗುತ್ತದೆ: ಮಿಕ್ಸ್ ಜಾಗಕ್ಕೆ ಕನೂತರೇ ‘ಎಂಮಿಕ್ಸ್’ ತಂದರು. ಉಳಿಯುವುದು ಲೆಕ್ಕ ಹಾಕುವ ಅಭ್ಯಾಸ.

ಮಿಕ್ಸ್‌ನಲ್ಲಿ ಪ್ರತಿ ಆಜ್ಞೆಗೂ ಬೆಲೆಯಿದೆ: ಕೂಡಲು 2 ಕಾಲಮಾನ, ಗುಣಿಸಲು 10, ಭಾಗಿಸಲು 12. n ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಕನೂತರ ಪ್ರೋಗ್ರಾಮಿಗೆ ತಗಲುವುದು 5 + 5n + 3A. ‘ಇದೇ ದೊಡ್ಡದು’ ಎಂದುಕೊಂಡದ್ದನ್ನು ಎಷ್ಟು ಸಲ ಬದಲಿಸಬೇಕಾಯಿತು ಎಂಬುದೇ A. 1000 ಸಂಖ್ಯೆಗಳಿದ್ದರೆ A 999ರವರೆಗೂ ಹೋಗಬಹುದು. ಆದರೆ ಅವು ಯಾದೃಚ್ಛಿಕವಾಗಿ ಕಲೆತಿದ್ದರೆ ಸರಾಸರಿ ಸುಮಾರು ಆರೂವರೆ ಸಲ ಅಷ್ಟೇ. ‘ಮ್ಯಾಕ್ಸ್’ ಎಂದು ಒಂದೇ ಪದ ಬರೆದು ಮುಗಿಸಿದಾಗ ಇದೊಂದೂ ಕಾಣುವುದಿಲ್ಲ.

ಕಾಣದ ಖರ್ಚನ್ನೂ ಯಾರಾದರೂ ತೆರುತ್ತಾರೆ: ಹಳೆಯ ಫೋನಿನಲ್ಲಿ ಪಿಂಚಣಿಯ ಪುಟ ತೆರೆಯಲು ಕಾಯುವ ಹಿರಿಯರು, ವಿದ್ಯುತ್ ಬಿಲ್ ಕಟ್ಟುವವರು. ಈಗಂತೂ ಹೊಸ ಹುಡುಗರು ಎಐ ಬರೆದುಕೊಟ್ಟ ಕೋಡ್ ತರುತ್ತಾರೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ಒಪ್ಪಿಗೆ ಕೊಡಬೇಕು. ಬರೆದವರು ಯಾರೇ ಇರಲಿ, ಒಪ್ಪಿದವರು ಹೊಣೆಗಾರರು. ಒಂದೊಂದು ಸಾಲು ಎಷ್ಟು ಸಲ ಓಡುತ್ತದೆ ಎಂದು ಕೇಳಲು ಬಾರದವರು ಆ ಹೊಣೆಯನ್ನು ಹೊರುವುದು ಹೇಗೆ?

ಆದರೆ ಖರ್ಚಿನ ಲೆಕ್ಕ ಕಲಿಸುವವರು ಕಲಿಯುವವರ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವ ಮಕ್ಕಳಿಂದ ಇಡೀ ಸೆಮಿಸ್ಟರ್ ಕಸಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಒಂದು ವಾರ ಸಾಕು. ಮೂರು ಸಣ್ಣ ಪ್ರೋಗ್ರಾಮು, ಪೆನ್ನು, ಕಾಗದ. ಪ್ರತಿ ಸಾಲಿನ ಪಕ್ಕದಲ್ಲಿ ಅದು ಓಡುವ ಸಲದ ಸಂಖ್ಯೆ. ಆಮೇಲೆ ಅವರಿಗೆ ಬೇಕಾದ ಭಾಷೆ ಕಲಿಯಲಿ.