ಲಾರ್ಡ್ ಎಂಬ ಶಬ್ದದಲ್ಲಿ ಅಡಗಿದ ರೊಟ್ಟಿ

ವೇದಭಾಗ: ಲೂಕ 22:24-27, ಯೋಹಾನ 13:12-15



ಇಂಗ್ಲಿಷ್ ಓದಲು ಬಾರದವರೂ ಬಲ್ಲ ಕೆಲವು ಇಂಗ್ಲಿಷ್ ಶಬ್ದಗಳುಂಟು. ಲಾರ್ಡ್ ಎಂಬದು ಅವುಗಳಲ್ಲಿ ಒಂದು. ಈ ದೇಶವನ್ನು ಆಳಿದ ಗವರ್ನರ್ ಜನರಲರ ಹೆಸರುಗಳ ಮುಂದೆ ಅದನ್ನು ಕೇಳಿದ್ದೇವೆ. ನ್ಯಾಯಸ್ಥಾನದಲ್ಲಿ ವಕೀಲರು ನ್ಯಾಯಾಧೀಶರನ್ನು ಮೈ ಲಾರ್ಡ್ ಎಂದು ಸಂಬೋಧಿಸುವದನ್ನು ಕೇಳಿದ್ದೇವೆ. ಗರ್ವದಿಂದ ನಡೆಯುವವನನ್ನು ಕಂಡರೆ, ಇವನೇನು ಲಾಟಸಾಹೇಬನೋ ಎಂದು ಹಾಸ್ಯ ಮಾಡುವದುಂಟು. ಆ ಲಾಟನೂ ಈ ಲಾರ್ಡನೇ. ಇಂಗ್ಲಿಷ್ ಬೈಬಲನ್ನು ತೆರೆದರೆ, ನಾವು ಕರ್ತನು ಎಂದು ಓದುವ ಸ್ಥಳದಲ್ಲಿಯೂ ಇದೇ ಶಬ್ದವಿದೆ. ಆಳುವವನಿಗೂ ಗರ್ವಿಷ್ಠನಿಗೂ ನಮ್ಮ ರಕ್ಷಕನಿಗೂ ಒಂದೇ ಹೆಸರು ಸಲ್ಲುವದು ಹೇಗೆ? ಈ ಶಬ್ದದ ಹುಟ್ಟನ್ನು ವಿಚಾರಿಸಿದರೆ ನಮಗೆ ಪ್ರಯೋಜನವಾದ ಒಂದು ಬೋಧೆ ಸಿಕ್ಕುವದು.

ಒಂದನೆಯದಾಗಿ, ಈ ಶಬ್ದವು ಹುಟ್ಟಿದ ಬಗೆಯನ್ನು ನೋಡೋಣ.

ಸಾವಿರಕ್ಕೂ ಹೆಚ್ಚು ವರುಷಗಳ ಹಿಂದೆ ಇಂಗ್ಲಿಷರ ಪೂರ್ವಿಕರು ಲಾರ್ಡ್ ಎನ್ನುತ್ತಿರಲಿಲ್ಲ, ಹ್ಲಾಫೋರ್ಡ್ ಎನ್ನುತ್ತಿದ್ದರು. ಅದಕ್ಕೂ ಹಿಂದಿನ ರೂಪವು ಹ್ಲಾಫ್‌ವೆಯರ್ಡ್. ಹ್ಲಾಫ್ ಅಂದರೆ ರೊಟ್ಟಿ. ವೆಯರ್ಡ್ ಅಂದರೆ ಕಾಯುವವನು. ಬೋರ್ಡಿಂಗ್ ಶಾಲೆಯ ಮಕ್ಕಳು ವಾರ್ಡನ್ ಎಂದು ಕರೆಯುವ ಹೆಸರೂ ಕಾಯುವದೆಂಬ ಅದೇ ಬೇರಿನಿಂದ ಬಂದದ್ದು. ಆದದರಿಂದ ಲಾರ್ಡ್ ಎಂಬದರ ಮೊದಲನೆಯ ಅರ್ಥವು ರೊಟ್ಟಿ ಕಾಯುವವನು ಎಂದೇ. ಜನರ ನಾಲಿಗೆಯ ಮೇಲೆ ಸವೆದು ಸವೆದು ಆ ಉದ್ದ ಶಬ್ದವು ಈಗಿನ ಗಿಡ್ಡ ಶಬ್ದವಾಯಿತು.

ಮನೆಯೊಡತಿಯ ಹೆಸರೂ ಹೀಗೆಯೇ. ಲೇಡಿ ಎಂಬದು ಹ್ಲಾಫ್‌ಡಿಯೆ ಎಂಬ ಹಳೆಯ ಶಬ್ದದಿಂದ ಬಂದಿದೆ. ಅದರ ಅರ್ಥವು ರೊಟ್ಟಿಯ ಹಿಟ್ಟನ್ನು ನಾದುವವಳು. ಆ ಮನೆಯ ಆಳಿಗೂ ಅಂಥದೇ ಹೆಸರಿತ್ತು: ಹ್ಲಾಫ್‌ಆಟ, ಅಂದರೆ ರೊಟ್ಟಿ ತಿನ್ನುವವನು. ಕೆಂಟ್ ಎಂಬ ಸೀಮೆಯ ಅರಸನಾದ ಎಥೆಲ್ಬರ್ಟನು, ಸುವಾರ್ತೆಯನ್ನು ಸಾರಲು 597ರಲ್ಲಿ ರೋಮಾಪುರದಿಂದ ಬಂದ ಅಗಸ್ಟೀನನ ಬೋಧೆಯಿಂದ ದೀಕ್ಷಾಸ್ನಾನ ಹೊಂದಿದವನು. ಇಂಗ್ಲಿಷ್ ಭಾಷೆಯಲ್ಲಿ ಉಳಿದಿರುವ ಕಾನೂನುಗಳಲ್ಲಿ ಅವನ ಕಾನೂನೇ ಅತಿ ಹಳೆಯದು. ಸ್ವತಂತ್ರನಾದ ಒಬ್ಬ ಒಕ್ಕಲಿಗನ ರೊಟ್ಟಿ ತಿನ್ನುವವನನ್ನು ಕೊಂದವನು 6 ಶಿಲಿಂಗ್ ದಂಡ ತೆರಬೇಕೆಂದು ಅದರಲ್ಲಿ ಬರೆದದೆ. ನೋಡಿರಿ, ಒಂದು ಮನೆಯಲ್ಲಿ ಒಬ್ಬನು ರೊಟ್ಟಿಯನ್ನು ಕಾಯುತ್ತಾನೆ, ಒಬ್ಬಳು ನಾದುತ್ತಾಳೆ, ಉಳಿದವರು ತಿನ್ನುತ್ತಾರೆ. ಮೂವರ ಹೆಸರೂ ಒಂದೇ ರೊಟ್ಟಿಯಿಂದ ಬಂದದೆ.

ಕಾಯುವದು ಏತಕ್ಕೆ ಎಂದು ಕೇಳೀರಿ. ಆ ದೇಶದ ಚಳಿಗಾಲವು ಕಠಿಣವಾದದ್ದು. ಆಗ ಹೊಲದಲ್ಲಿ ಕೊಯ್ಯತಕ್ಕದ್ದು ಏನೂ ಇರುವದಿಲ್ಲ. ಕಣಜದಲ್ಲಿದ್ದ ಕಾಳೇ ಮುಂದಿನ ಕೊಯ್ಲಿನ ವರೆಗೆ ಎಲ್ಲರ ಜೀವ. ಅದನ್ನು ಇಲಿಯಿಂದಲೂ ಕಳ್ಳನಿಂದಲೂ ತನ್ನ ಸ್ವಂತ ಆಶೆಯಿಂದಲೂ ಕಾದು, ಪ್ರತಿಯೊಬ್ಬನಿಗೆ ಅವನವನ ಪಾಲನ್ನು ಅಳೆದುಕೊಡುವವನೇ ಒಡೆಯನು. ಆ ಮನೆಯಲ್ಲಿ ದೊಡ್ಡಸ್ತಿಕೆ ಎಂದರೆ ಹೆಚ್ಚು ತಿನ್ನುವದಲ್ಲ. ಯಾರೂ ಹಸಿದು ಮಲಗದಂತೆ ನೋಡಿಕೊಳ್ಳುವದು. ತಕ್ಕ ಸಮಯದಲ್ಲಿ ಮನೆಯವರಿಗೆ ಆಹಾರವನ್ನು ಅಳೆದುಕೊಡುವ ನಂಬಿಗಸ್ತನಾದ ಮನೆವಾರ್ತೆಯವನ ವಿಷಯವಾಗಿ ನಮ್ಮ ಸ್ವಾಮಿಯು ಹೇಳಿದ್ದು (ಲೂಕ 12:42) ನಿಮ್ಮ ನೆನಪಿಗೆ ಬಾರದೇ?

ಇನ್ನೊಂದು ಮಾತು. ಆ ಕಾಲದ ಇಂಗ್ಲಿಷ್ ಕ್ರೈಸ್ತರು ದೇವರನ್ನು ಹೆಚ್ಚಾಗಿ ಡ್ರಿಹ್ಟೆನ್ ಎಂದು ಕರೆಯುತ್ತಿದ್ದರು. ಅದು ಯುದ್ಧದ ದಂಡಿಗೆ ನಾಯಕನಾದವನ ಹೆಸರು. ಕಾಲಕ್ರಮದಲ್ಲಿ ಆ ಹೆಸರು ಬಳಕೆ ತಪ್ಪಿ ಸತ್ತುಹೋಯಿತು. ರೊಟ್ಟಿ ಕಾಯುವವನ ಹೆಸರೇ ಅದರ ಸ್ಥಳಕ್ಕೆ ಬಂದು ನಿಂತಿತು. 1526ರಲ್ಲಿ ಟಿಂಡೆಲನು ಅಚ್ಚು ಹಾಕಿಸಿದ ಹೊಸ ಒಡಂಬಡಿಕೆಯಲ್ಲಿಯೂ 1611ರ ಇಂಗ್ಲಿಷ್ ಬೈಬಲಿನಲ್ಲಿಯೂ ಲಾರ್ಡ್ ಎಂದೇ ಅದೆ. ಕತ್ತಿ ಹಿಡಿದವನ ಹೆಸರು ಅಳಿಯಿತು, ರೊಟ್ಟಿ ಹಿಡಿದವನ ಹೆಸರು ಉಳಿಯಿತು.

ಎರಡನೆಯದಾಗಿ, ಈ ಶಬ್ದವು ತನ್ನ ರೊಟ್ಟಿಯನ್ನು ಮರೆತ ಬಗೆಯನ್ನು ನೋಡೋಣ.

ಶಬ್ದವು ಗಿಡ್ಡವಾದ ಹಾಗೆ ಅದರೊಳಗಿನ ರೊಟ್ಟಿ ಜನರ ಕಿವಿಗೆ ಕೇಳದೆ ಹೋಯಿತು. ಲಾರ್ಡ್ ಎಂಬದು ಕುಲದಿಂದ ಬರುವ ಬಿರುದಾಯಿತು. ಕಾಯುವ ಕೆಲಸವು ಹೋಗಿ ಮೇಲಿನ ಆಸನ ಮಾತ್ರ ಉಳಿಯಿತು. ಇದರ ಫಲವನ್ನು ನಮ್ಮ ಸೀಮೆಯೇ ಉಂಡಿದೆ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಬಳ್ಳಾರಿ ಧಾರವಾಡ ಸೀಮೆಗಳನ್ನು ದೊಡ್ಡ ಬರವು ನುಂಗಿತು. ಮೈಸೂರು ಸೀಮೆಯಲ್ಲಿ 1871ರ ಗಣತಿಗೆ ಸುಮಾರು 50 ಲಕ್ಷವಿದ್ದ ಜನರು 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದರು. ಆಗ ವೈಸರಾಯನಾಗಿದ್ದವನು ಲಾರ್ಡ್ ಲಿಟ್ಟನ್. ಜನರು ದಾರಿಯಲ್ಲಿ ಬಿದ್ದು ಸಾಯುತ್ತಿರುವಾಗಲೇ, 1877ರ ಜನವರಿ 1ರಂದು, ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವದಕ್ಕಾಗಿ ದಿಲ್ಲಿಯಲ್ಲಿ ಮಹಾ ದರ್ಬಾರು ನಡೆಯಿತು. ಅದೇ ವರುಷಗಳಲ್ಲಿ ಈ ದೇಶದ ಬಂದರುಗಳಿಂದ ಧಾನ್ಯವು ಹಡಗುಗಳಲ್ಲಿ ಹೊರಗೆ ಹೋಗುತ್ತಿತ್ತು. ರೊಟ್ಟಿ ಕಾಯುವವನೆಂಬ ಹೆಸರು ಅವನ ತಲೆಯ ಮೇಲಿತ್ತು. ಕಾವಲು ಮಾತ್ರ ಇರಲಿಲ್ಲ. ಬಿರುದು ಹೊಟ್ಟೆ ತುಂಬಿಸುವದಿಲ್ಲ, ಪ್ರಿಯರೇ.

ಮೂರನೆಯದಾಗಿ, ಈ ಹೆಸರನ್ನು ಅದರ ಪೂರ್ಣಾರ್ಥದಲ್ಲಿ ಹೊತ್ತವನನ್ನು ನೋಡೋಣ.

ಆತನು ಹುಟ್ಟಿದ ಊರು ಬೇತ್ಲೆಹೇಮ್. ಇಬ್ರಿಯ ಮಾತಿನಲ್ಲಿ ಅದರ ಅರ್ಥವು ರೊಟ್ಟಿಯ ಮನೆ. ಅಡವಿಯಲ್ಲಿ ಹಸಿದ ಐದು ಸಾವಿರ ಮಂದಿಯನ್ನು ಆತನು ಬರಿಗೈಯಲ್ಲಿ ಕಳುಹಿಸಲಿಲ್ಲ. ಹುಲ್ಲಿನ ಮೇಲೆ ಕೂಡ್ರಿಸಿ ಉಣಿಸಿ, ಮಿಕ್ಕ ತುಂಡುಗಳನ್ನು ಸಹ ಹಾಳಾಗದಂತೆ ಕೂಡಿಸಿದನು. ಆಮೇಲೆ ತಾನೇ ಜೀವದ ರೊಟ್ಟಿ ಎಂದು ತಿಳಿಸಿದನು (ಯೋಹಾನ 6:35). ಕಡೇ ರಾತ್ರಿಯ ಊಟದಲ್ಲಿ, ತಮ್ಮಲ್ಲಿ ಯಾರು ದೊಡ್ಡವನೆಂದು ಶಿಷ್ಯರು ಜಗಳವಾಡಿದಾಗ, ಜನಾಂಗಗಳ ಅರಸರು ದೊರೆತನ ಮಾಡಿ ಉಪಕಾರಿಗಳೆಂದು ಹೆಸರು ಹೊಂದುತ್ತಾರೆ, ನೀವು ಹಾಗಿರಬಾರದು, ನಾನು ನಿಮ್ಮ ನಡುವೆ ಬಡಿಸುವವನ ಹಾಗಿದ್ದೇನೆ ಎಂಬ ಅರ್ಥವುಳ್ಳ ಮಾತನ್ನಾಡಿದನು. ಆ ಊಟದಲ್ಲಿಯೇ ಸೊಂಟಕ್ಕೆ ಕೈಪಾವಡವನ್ನು ಕಟ್ಟಿಕೊಂಡು ಅವರ ಕಾಲುಗಳನ್ನು ತೊಳೆದನು. ಬೇರೆ ಒಡೆಯರು ಆಳಿನ ಪಾಲನ್ನು ತಿಂದು ಕೊಬ್ಬಿದರು. ಈ ಒಡೆಯನು ತನ್ನನ್ನೇ ಮುರಿದು ಆಳುಗಳಿಗೆ ಬಡಿಸಿದನು. ಕರ್ತನ ಭೋಜನ ಎಂದು ನಾವು ಹೇಳುವಾಗೆಲ್ಲಾ ಆ ಹೆಸರೂ ಆ ರೊಟ್ಟಿಯೂ ಪುನಃ ಕೂಡಿಬರುತ್ತವೆ.

ಆದಕಾರಣ, ಪ್ರಿಯರೇ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಧಣಿಯ ಅಂಗಳದ ಹೊರಗೆ ನಿಂತು ಮಿಕ್ಕ ಕೂಳಿಗೆ ಕೈಯೊಡ್ಡಿದ ಹಿರಿಯರ ಸಂತಾನದವರು ನಮ್ಮಲ್ಲಿ ಅನೇಕರಿದ್ದಾರೆ. ಒಡೆಯರನ್ನು ದೂರುವದು ನಮಗೆ ಸುಲಭ. ಆದರೆ ಇಂದು ನಮ್ಮಲ್ಲಿ ಕೆಲವರಿಗೆ ಹೊಲವದೆ, ಕೆಲವರಿಗೆ ಸಂಬಳವದೆ, ಎಲ್ಲರಿಗೂ ಒಂದು ಮನೆಯದೆ. ಅಷ್ಟರ ಮಟ್ಟಿಗೆ ನಾವೂ ಚಿಕ್ಕ ಲಾರ್ಡರೇ. ನಿನ್ನ ಹೊಲದಲ್ಲಿ ದುಡಿದವನು ಕತ್ತಲಾಗುವ ಮುಂಚೆ ಕೂಲಿ ಪಡೆದು ಮನೆಗೆ ಹೋದನೋ? ಅಥವಾ ನಾಳೆ ಬಾ ಎಂದು ತಿರುಗಿಸಿದೆಯೋ? ಕೂಲಿಯನ್ನು ರಾತ್ರಿಯೆಲ್ಲಾ ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ (ಯಾಜಕಕಾಂಡ 19:13). ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ನಿನ್ನ ಮನೆಯಲ್ಲಿ ಉಂಟೋ? ದುಡಿದ ಹಣವು ಸಂತೆಯ ದಿನ ಸಾರಾಯಿ ಅಂಗಡಿಗೆ ಹೋಗಿ, ಮಕ್ಕಳು ಒಲೆಯ ಮುಂದೆ ಕಾದಿದ್ದರೆ, ಆ ಮನೆಯ ರೊಟ್ಟಿಯನ್ನು ಕದ್ದ ಕಳ್ಳನು ಕಾವಲುಗಾರನೇ ಅಲ್ಲವೋ?

ಹಿಟ್ಟು ನಾದುವವಳ ಸಂಗತಿಯನ್ನೂ ಮರೆಯಬೇಡಿರಿ. ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಬಡಿಸಿ, ಗಡಿಗೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವಳು ಅವಳೇ. ಏನೂ ಉಳಿಯದಿದ್ದರೆ ನೀರು ಕುಡಿದು ಮಲಗುವವಳೂ ಅವಳೇ. ಗಂಡಂದಿರೇ, ನೀವು ಕೈ ತೊಳೆಯುವ ಮುಂಚೆ ಗಡಿಗೆಯೊಳಗೆ ಒಮ್ಮೆ ನೋಡಿರಿ. ಯಜಮಾನನೆಂಬ ಹೆಸರು ಅಲ್ಲಿ ಶೋಧಿಸಲ್ಪಡುವದು.

ಸಭೆಯಲ್ಲಿಯೂ ಹೀಗೆಯೇ. ಕೊರಿಂಥದವರಲ್ಲಿ ಒಬ್ಬನು ಹಸಿದಿರುವಾಗ ಮತ್ತೊಬ್ಬನು ಕುಡಿದು ಮತ್ತನಾಗಿದ್ದನು. ಅಂಥ ಊಟವು ಕರ್ತನ ಭೋಜನವೇ ಅಲ್ಲವೆಂದು ಪೌಲನು ಗದರಿಸಿದನು (1 ಕೊರಿಂಥ 11:20-22). ನಮ್ಮ ಹಿಡಿಯಕ್ಕಿಯ ಮಡಕೆಯು ಯಾವ ವಿಧವೆಯ ಮನೆಯನ್ನು ಮುಟ್ಟುತ್ತದೆ ಎಂದು ಹಿರಿಯರು ವಿಚಾರಿಸಲಿ.

ಜೀವದ ರೊಟ್ಟಿಯಾದ ಕರ್ತನೇ, ನಮ್ಮ ಕೈಗೆ ನೀನು ಒಪ್ಪಿಸಿದ ತುತ್ತು ನಮ್ಮದಲ್ಲ, ನಿನ್ನ ಮನೆಯವರದು. ನೀನು ಬಂದು ಲೆಕ್ಕ ಕೇಳುವ ದಿನದಲ್ಲಿ ನಮ್ಮ ಬಾಗಲಲ್ಲಿ ಹಸಿದವನು ನಿಂತಿರದಂತೆ ನಮ್ಮನ್ನು ನಂಬಿಗಸ್ತರಾದ ಕಾವಲುಗಾರರನ್ನಾಗಿ ಮಾಡು. ಆಮೆನ್.