ಕೆಳಮನೆಯ ಮೌನ

ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಮಗೆ ಒಂದು ಮರೆವಿನ ಕಾಯಿಲೆ ಇದೆ. ನಮ್ಮ ತಲೆಯ ಮೇಲಿನ ಛಾವಣಿ ಇನ್ನೊಬ್ಬರ ನೆಲ ಎಂಬುದು ಸದಾ ನೆನಪಿರುತ್ತದೆ. ಮೇಲಿನ ಮನೆಯ ಮಕ್ಕಳು ಓಡಾಡಿದಾಗಲೆಲ್ಲ ನಾವು ಕತ್ತೆತ್ತಿ ನೋಡುತ್ತೇವೆ. ಆದರೆ ನಮ್ಮ ನೆಲವೂ ಇನ್ನೊಬ್ಬರ ಛಾವಣಿ ಎಂಬುದು ನೆನಪಾಗುವುದು ಅಪರೂಪ.

ಮಂಗಳೂರಿನಲ್ಲಿ ನಾವಿರುವ ಫ್ಲ್ಯಾಟ್‌ನ ಕೆಳಗಡೆ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಪಾರ್ಶ್ವವಾಯು ಪೀಡಿತ ಪತಿಯನ್ನು ಅವರು ಹಾಲ್‌ನಲ್ಲೇ ಮಲಗಿಸುತ್ತಿದ್ದರು. ಆ ಹಾಲ್‌ನ ನೇರ ಮೇಲೆ ನಮ್ಮ ಊಟದ ಮೇಜಿದೆ. ರಮಝಾನ್‌ನಲ್ಲಿ ಸಹ್ರಿಗೆಂದು ಬೆಳಗಿನ ಜಾವ ನಾಲ್ಕಕ್ಕೆ ನಾವೆಲ್ಲ ಏಳುತ್ತೇವೆ. ಮಿಕ್ಸಿ ತಿರುಗುತ್ತದೆ, ಕುರ್ಚಿಗಳನ್ನು ಎಳೆಯುತ್ತೇವೆ, ಮಕ್ಕಳನ್ನು ಕೂಗಿ ಎಬ್ಬಿಸುತ್ತೇವೆ. ಎರಡು ರಮಝಾನ್ ಹೀಗೆಯೇ ಕಳೆಯಿತು. ಟೀಚರ್ ಒಂದು ಮಾತೂ ಆಡಲಿಲ್ಲ. ಈದ್‌ಗೆ ನಾವು ಕಳುಹಿಸಿದ ಬಿರಿಯಾನಿಯ ಪಾತ್ರೆಯನ್ನು ತೊಳೆದು, ಅದರಲ್ಲಿ ಹಣ್ಣು ತುಂಬಿ ಹಿಂದಿರುಗಿಸಿದರು. ನಮ್ಮ ನೆರೆಕರೆಯ ಸಂಬಂಧದ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಊರಿಗೆ ಬಂದಿದ್ದ ಅವರ ಮಗಳು ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ ಸಂಕೋಚದಿಂದಲೇ ವಿಷಯ ತಿಳಿಸಿದಳು. ಆ ತಿಂಗಳಿಡೀ ನಾಲ್ಕು ಗಂಟೆಗೆ ಎಚ್ಚರವಾಗುವ ಅವಳ ತಂದೆಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ನಾನು ಕೂಡಲೇ ಕೆಳಗಿಳಿದು ಹೋಗಿ, "ಟೀಚರ್, ಒಂದು ಮಾತು ಹೇಳಬಾರದಿತ್ತೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿಮ್ಮ ಉಪವಾಸದ ತಿಂಗಳಲ್ಲವೇ? ನಾನು ಹೇಳಿ, ನೀವು ಬೇರೆ ಅರ್ಥ ಮಾಡಿಕೊಂಡರೆ? ಈಗಿನ ಕಾಲ ಹೇಗಿದೆ ಎಂದು ನಿಮಗೂ ಗೊತ್ತಲ್ಲ."

ಗೊತ್ತಿತ್ತು. ಯಾಕೆಂದರೆ ನಮ್ಮ ಪಕ್ಕದ ಬ್ಲಾಕ್‌ನಲ್ಲಿ ತಡರಾತ್ರಿಯವರೆಗೆ ಧ್ವನಿವರ್ಧಕದಲ್ಲಿ ಭಜನೆ ನಡೆದಾಗ ನಾನೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ಪರೀಕ್ಷೆಯಿದ್ದ ಮಗಳಿಗೆ "ಸಹನೆ ಇರಲಿ" ಎಂದಿದ್ದೆ. ಅದು ಸಹನೆಯಾಗಿತ್ತೇ? ಅಲ್ಲ, ಭಯವಾಗಿತ್ತು. ದೂರಿದರೆ ಅದು ಒಬ್ಬ ತಂದೆಯ ದೂರಾಗಿ ಉಳಿಯದೆ, ಒಂದು ಸಮುದಾಯದ ದೂರಾಗಿಬಿಡುತ್ತದೆ ಎಂಬ ಭಯ.

ನೆರೆಯವರ ಉಪಟಳವನ್ನು ಸಹಿಸಿಕೊಳ್ಳುವುದಕ್ಕೆ ಇಮಾಮ್ ಅಬೂ ಹನೀಫಾ(ರ)ರ ಪ್ರಸಂಗವನ್ನು ಉದಾಹರಿಸುವುದುಂಟು. ಕೂಫಾದಲ್ಲಿ ಅವರ ನೆರೆಯಲ್ಲಿದ್ದ ಚಮ್ಮಾರನೊಬ್ಬ ರಾತ್ರಿ ಕುಡಿದು ಗಟ್ಟಿಯಾಗಿ ಹಾಡುತ್ತಿದ್ದನಂತೆ. ಒಂದು ರಾತ್ರಿ ಹಾಡು ಕೇಳಿಸದಿದ್ದಾಗ ಇಮಾಮರು ವಿಚಾರಿಸಿದರು. ಅವನ ಬಂಧನವಾಗಿದೆಯೆಂದು ತಿಳಿದು, ಆಡಳಿತಗಾರನ ಬಳಿಗೆ ಹೋಗಿ ಬಿಡಿಸಿ ತಂದರು. ಇದು ನಿಜಕ್ಕೂ ದೊಡ್ಡ ಮಾದರಿ. ಆದರೆ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಮಾಮರು ಆ ಚಮ್ಮಾರನಿಗೆ ಹೆದರುವ ಸ್ಥಿತಿಯಲ್ಲಿರಲಿಲ್ಲ. ಅವರು ದೂರಬಹುದಿತ್ತು, ದೂರಲಿಲ್ಲ. ಸಹನೆ ಗುಣವಾಗುವುದು ಅಲ್ಲಿಯೇ. ಮಾತಾಡುವ ಸ್ವಾತಂತ್ರ್ಯವೇ ಇಲ್ಲದವನ ಮೌನವನ್ನು ಸಹನೆಯೆಂದು ಹೊಗಳಿದರೆ ನಮ್ಮ ತಪ್ಪಿಗೆ ನಾವೇ ಪರದೆ ಎಳೆದಂತೆ.

ತನ್ನ ಉಪದ್ರವದಿಂದ ನೆರೆಯವನು ಸುರಕ್ಷಿತನಾಗಿರದಿದ್ದರೆ ಅಂಥವನು ಸತ್ಯವಿಶ್ವಾಸಿಯಲ್ಲ ಎಂದು ಪ್ರವಾದಿ(ಸ) ಮೂರು ಬಾರಿ ಆಣೆಯಿಟ್ಟು ಹೇಳಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಈ ಮಾತಿನ ಅಳತೆಗೋಲು ಯಾರ ಕೈಯಲ್ಲಿದೆ ನೋಡಿ. ನಾನು ಎಷ್ಟು ಒಳ್ಳೆಯವನು ಎಂಬ ನನ್ನ ಲೆಕ್ಕಾಚಾರಕ್ಕೆ ಅಲ್ಲಿ ಜಾಗವಿಲ್ಲ. ನೆರೆಯವನಿಗೆ ಏನನಿಸುತ್ತದೆ ಎಂಬುದೇ ಮುಖ್ಯ. ನನಗೆ ಕಷ್ಟವಾಗುತ್ತಿದೆ ಎಂದು ನನ್ನ ಬಳಿ ಹೇಳಲು ಹೆದರುವ ನೆರೆಯವನು ನನ್ನಿಂದ ಸುರಕ್ಷಿತನೇ? ಪವಿತ್ರ ಕುರ್‌ಆನ್ ನಾಲ್ಕನೆಯ ಅಧ್ಯಾಯದಲ್ಲಿ ಬಂಧುವಾದ ನೆರೆಯವನ ಜೊತೆಗೆ ಅಪರಿಚಿತ ನೆರೆಯವನನ್ನೂ ಹೆಸರಿಸಿ ಇಬ್ಬರಿಗೂ ಒಳಿತು ಮಾಡಲು ಆದೇಶಿಸಿದೆ. ಅಲ್ಲಿ ಧರ್ಮದ ಷರತ್ತಿಲ್ಲ.

ನಮ್ಮದು ಆರಾಧನೆಯ ಸದ್ದಲ್ಲವೇ ಎಂದು ಕೆಲವರು ಕೇಳಬಹುದು. ಮಸೀದಿಯಲ್ಲಿ ಕೆಲವರು ಗಟ್ಟಿಯಾಗಿ ಕುರ್‌ಆನ್ ಪಾರಾಯಣ ಮಾಡುತ್ತಿದ್ದಾಗ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬಾರದು, ದನಿ ಏರಿಸಬಾರದು ಎಂದು ಪ್ರವಾದಿ(ಸ) ತಡೆದದ್ದು ಅಬೂದಾವೂದ್‌ನಲ್ಲಿದೆ. ಪಾರಾಯಣಕ್ಕೇ ಈ ಮಿತಿಯಿರುವಾಗ ಮಿಕ್ಸಿ ಮತ್ತು ಕುರ್ಚಿಯ ಸದ್ದಿಗೆ ಯಾವ ವಿನಾಯಿತಿ?

ಕಾನೂನು ಇಲ್ಲವೆಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಕೇಳಲು ಇಷ್ಟವಿಲ್ಲದವರ ಕಿವಿಗೆ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲವೆಂದು 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕುರ್ಚಿ ಎಳೆದದ್ದಕ್ಕೆ ಯಾರು ತಾನೇ ಪೊಲೀಸರನ್ನು ಕರೆದಾರು? ಮಾತಿನ ಸದ್ದನ್ನು ಕಾಂಕ್ರೀಟು ಸ್ವಲ್ಪವಾದರೂ ತಡೆಯುತ್ತದೆ. ಎಳೆದ, ಕುಟ್ಟಿದ ಸದ್ದು ಅದೇ ಕಾಂಕ್ರೀಟಿನ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ಇಲ್ಲಿ ಕಾನೂನಿಗಿಂತ ಮೊದಲು ಮನಸ್ಸಾಕ್ಷಿ ಕೆಲಸ ಮಾಡಬೇಕು.

ಹಾಗೆಂದು ಎಲ್ಲ ಸದ್ದೂ ಅಪರಾಧವಲ್ಲ. ಹಸುಗೂಸು ಅಳುತ್ತದೆ, ವೃದ್ಧರು ರಾತ್ರಿಯಿಡೀ ಕೆಮ್ಮುತ್ತಾರೆ. ತಡೆಯಲಾಗದ ಸದ್ದಿಗೆ ಸಹನೆಯೇ ಉತ್ತರ. ತಡೆಯಬಹುದಾದ ಸದ್ದಿಗೆ ಮಾತುಕತೆ ಉತ್ತರ. ಆ ಮಾತು ಬಾಗಿಲು ತಟ್ಟಿ, ಒಬ್ಬರೇ ಇರುವಾಗ, ಮೆಲುದನಿಯಲ್ಲಿ ಆಡುವಂಥದ್ದು. ಸಂಘದ ಸಭೆಯಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಹತ್ತು ಜನರೆದುರು ಆಡಿದರೆ ಅದು ಅವಮಾನವಾಗುತ್ತದೆ.

ಈಗ ನಮ್ಮ ಕುರ್ಚಿಗಳ ಕಾಲಿಗೆ ರಬ್ಬರ್ ಬುಷ್ ಹಾಕಿದ್ದೇವೆ. ಸಹ್ರಿಯ ಮಸಾಲೆಯನ್ನು ಹಿಂದಿನ ಸಂಜೆಯೇ ರುಬ್ಬಿಡುತ್ತೇವೆ. ಆದದ್ದು ಇಷ್ಟು ಸುಲಭದ ಕೆಲಸ. ಮೊನ್ನೆ ಟೀಚರ್ ಮೇಲೆ ಬಂದು, ನಮ್ಮ ಬಚ್ಚಲಿನ ನೀರು ಅವರ ಗೋಡೆಗೆ ಜಿನುಗುತ್ತಿದೆ ಎಂದು ತುಸು ಖಾರವಾಗಿಯೇ ಹೇಳಿ ಹೋದರು. ನನಗೆ ಬೇಸರವಾಗಲಿಲ್ಲ. ಅವರ ಹೆದರಿಕೆ ಹೋಗಿದೆಯಲ್ಲ ಎಂದು ಸಮಾಧಾನವಾಯಿತು.

ಪಕ್ಕದ ಬ್ಲಾಕ್‌ನ ಬಾಗಿಲನ್ನು ನಾನಿನ್ನೂ ತಟ್ಟಿಲ್ಲ. ನೆರೆಯವರ ಒಳ್ಳೆಯತನದ ಮೇಲೆ ನಂಬಿಕೆ ಇಡುವುದೂ ಅವರಿಗೆ ಸಲ್ಲಬೇಕಾದ ಹಕ್ಕಲ್ಲವೇ? ಟೀಚರ್‌ಗೆ ಎರಡು ವರ್ಷ ಬೇಕಾಯಿತು. ನಾನು ಅಷ್ಟು ತಡ ಮಾಡಬಾರದು.