ಚಕ್ರವ್ಯೂಹದಲ್ಲಿ ಸಿಕ್ಕಿಕೊಂಡವರು ಯಾರು?

ಬನಶಂಕರಿ ಎರಡನೇ ಹಂತದಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದವರು. ತೊಂಬತ್ತರ ದಶಕದಲ್ಲಿ ವಿಆರ್‌ಎಸ್ ತೆಗೆದುಕೊಂಡು ಹೊರಬಂದರು. ನನ್ನ ಪಿಎಚ್‌.ಡಿ. ಉದಾರೀಕರಣದ ಬಗ್ಗೆ ಎಂದು ತಿಳಿದ ದಿನ ಕೇಳಿದರು: "ನಾವೇ ಅಡ್ಡಿ ಆಗಿದ್ವಿ ಅಂತ ಬರೀತೀಯೇನಪ್ಪಾ?"

ನಾನು ಸುಮ್ಮನಾದೆ. ನನ್ನ ಕರಡಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಇತ್ತು.

ವಾದ ಗಟ್ಟಿಯಾದದ್ದೇ. 1991ರಲ್ಲಿ ಬಹುತೇಕ ಉದ್ಯಮಗಳಿಗೆ ಲೈಸೆನ್ಸ್ ಬೇಕಿಲ್ಲವೆಂದಾಯಿತು. ಒಳಹೋಗುವ ಬಾಗಿಲು ತೆರೆಯಿತು. ಹೊರಬರುವ ಬಾಗಿಲು ತೆರೆಯಲಿಲ್ಲ. ದೊಡ್ಡ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ 1976ರ ನಿಯಮ ಹಾಗೆಯೇ ಉಳಿಯಿತು. 2015-16ರ ಆರ್ಥಿಕ ಸಮೀಕ್ಷೆ ಇದನ್ನು ಚಕ್ರವ್ಯೂಹ ಎಂದು ಕರೆಯಿತು. ಸೋತ ಉದ್ಯಮದಲ್ಲಿ ಸಿಕ್ಕಿಬಿದ್ದ ಜಮೀನು, ಸಾಲ, ಬಂಡವಾಳ ಹೊಸದಕ್ಕೆ ಸಿಗುವುದಿಲ್ಲ.

ಎಚ್‌ಎಂಟಿಯನ್ನೇ ನೋಡಿ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕಂಪನಿ, 1961ರಿಂದ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಿತು. ಕ್ವಾರ್ಟ್ಜ್ ಕಾಲ ಬಂತು, ಪಕ್ಕದ ಹೊಸೂರಿನಲ್ಲಿ ಟೈಟನ್ ಬೆಳೆಯಿತು. ವರ್ಷಗಟ್ಟಲೆ ನಷ್ಟವಾದ ಮೇಲೆ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಆ ನಷ್ಟಕ್ಕೆ ತುಂಬಿದ ಹಣದಲ್ಲಿ, ಕಾಯಂ ಕೆಲಸವನ್ನೇ ಕಾಣದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ತೆರಿಗೆಯ ಪಾಲೂ ಇತ್ತು. ಅದೂ ಅನ್ಯಾಯವೇ.

ಆದರೆ ಚಕ್ರವ್ಯೂಹದ ಕಥೆಯನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ. ಅಭಿಮನ್ಯು ತಾನಾಗಿ ನುಗ್ಗಿದವನಲ್ಲ. ನೀನು ದಾರಿ ಮಾಡು, ನಿನ್ನ ಹಿಂದೆಯೇ ಬರುತ್ತೇವೆ ಎಂದು ಹಿರಿಯರು ಕಳಿಸಿದ್ದರು. ಸೈಂಧವ ಅವರನ್ನು ತಡೆದ. ಹುಡುಗ ಒಳಗೆ ಒಬ್ಬನೇ ಉಳಿದ.

ನಮ್ಮಲ್ಲೂ ಅಂಥ ಮಾತು ಕೊಡಲಾಗಿತ್ತು. ಕೆಲಸ ಕಳೆದುಕೊಳ್ಳುವವರಿಗೆ ಪರಿಹಾರ, ಮರುತರಬೇತಿ, ಮರುಉದ್ಯೋಗ ಒದಗಿಸಲೆಂದು 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪನೆಯಾಯಿತು. ಅದರ ಹಣದಲ್ಲಿ ಬಹುಪಾಲು ಹೋದದ್ದು ವಿಆರ್‌ಎಸ್ ಪರಿಹಾರಕ್ಕೆ. ತರಬೇತಿಗೆ ಸಿಕ್ಕಿದ್ದು ಅಲ್ಪ. ಕಳಿಸಿಕೊಡುವುದಕ್ಕೆ ಹಣವಿತ್ತು, ಮುಂದಿನ ದಾರಿ ತೋರಿಸುವುದಕ್ಕೆ ಇರಲಿಲ್ಲ.

ಬೆಳವಣಿಗೆಯ ಲಾಭ ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ; ನಷ್ಟ ಕೆಲವು ಸಾವಿರ ಮನೆಗಳ ಮೇಲೆ ಒಟ್ಟಿಗೆ ಬೀಳುತ್ತದೆ. ಹಾಗಿರುವಾಗ ಆ ಮನೆಗಳಿಗೆ ಕೊಡುವುದು ದಾನವೋ, ಸಾಲದ ಮರುಪಾವತಿಯೋ? ಸಾಲವೇ ಎಂದು ನನ್ನ ನಂಬಿಕೆ. ನೀವು ದೇಶ ಕಟ್ಟುತ್ತಿದ್ದೀರಿ ಎಂದು ಅವರನ್ನು ಕೆಲಸಕ್ಕೆ ಕರೆದದ್ದು ಇದೇ ಸರ್ಕಾರ. ಆ ಸಾಲ ತೀರದಿದ್ದರೆ ಮುಂದಿನ ಸುಧಾರಣೆಯನ್ನು ಜನ ತಡೆಯುತ್ತಾರೆ. ಅದು ಮೂರ್ಖತನವಲ್ಲ, ನೆನಪು.

ಮಾಲೀಕರು ವಿಆರ್‌ಎಸ್ ಹಣದಲ್ಲಿ ಮಹಡಿ ಕಟ್ಟಿಸಿದರು. ಇಪ್ಪತ್ತನಾಲ್ಕು ವರ್ಷ ಲೇತ್ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕಡೆದ ಆ ಕೈ ಮತ್ತೆ ಲೇತ್ ಮುಟ್ಟಲಿಲ್ಲ. ಆಗ ಅವರಿಗೆ ನಲವತ್ತಾರು. ಆ ನಷ್ಟ ಯಾವ ಸಮೀಕ್ಷೆಯ ಲೆಕ್ಕದಲ್ಲೂ ನನಗೆ ಕಾಣಲಿಲ್ಲ.

ಅದೇ ಮಹಡಿಯಲ್ಲಿ ಕೂತು ಕರಡು ತಿದ್ದುತ್ತಿದ್ದೇನೆ. ಅವರಿಗೆ ಉತ್ತರ ಹೇಳುವುದು ಇನ್ನೂ ಬಾಕಿಯಿದೆ.